ಓದಿದಂತೆ ಭಾವಿಸಲಾಯಿತು

18-11-1996

ಇವತ್ತು ಪುಸ್ತಕಗಳು ಬಂದವು. ಅಂಚೆಯವನು ಪಂಚಾಯಿತಿ ಆಫೀಸಿನ ಬಾಗಿಲಲ್ಲಿ ನಿಂತು, "ಉಪಾಧ್ಯಕ್ಷರಿಗೆ ಯೂನಿವರ್ಸಿಟಿ ಬುಕ್ಕು ಬಂದವೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಹಾಗೆ ಕೂಗಲಿ ಅಂತಲೇ ಮನೆ ವಿಳಾಸ ಬಿಟ್ಟು ಆಫೀಸಿನ ವಿಳಾಸ ಬರೆದಿದ್ದೆ.

'ಸಭಾ ನಡವಳಿ ಮತ್ತು ಸಂಸದೀಯ ಕಾರ್ಯವಿಧಾನ', ಆರು ತಿಂಗಳ ಅಂಚೆ ತೆರಪಿನ ಕೋರ್ಸು. ಎಂಟು ಪಾಠ, ನಾಲ್ಕು ಅಸೈನ್‌ಮೆಂಟು, ಮೇ ತಿಂಗಳಲ್ಲಿ ರಾಮನಗರದಲ್ಲಿ ಪರೀಕ್ಷೆ, ಆಮೇಲೆ ಸರ್ಟಿಫಿಕೇಟು. ಪಿಯುಸಿಯಲ್ಲಿ ಇಂಗ್ಲಿಷು ನಾಲ್ಕು ಮಾರ್ಕಿಗೆ ಕೈಕೊಟ್ಟ ಮೇಲೆ ನನ್ನ ಹೆಸರಿಗೆ ಅಂಥದ್ದೊಂದು ಕಾಗದ ಬಂದಿಲ್ಲ. ನಡುಮನೆ ಗೋಡೆಗೆ ಈಗಲೇ ಮೊಳೆ ಹೊಡೆದೆ. ರೇಷ್ಮೆ ಹುಳದ ತಟ್ಟೆ ತೊಳೆಯುತ್ತಿದ್ದ ಸರಸಮ್ಮ ನೋಡಿ, "ಹುಳ ಇನ್ನೂ ಮೊಟ್ಟೇಲವೆ, ನೀವಾಗ್ಲೇ ಗೂಡು ಮಾರಕ್ಕೊಂಟ್ರಿ" ಎಂದಳು. ಹೆಂಡತಿಗೆ ಉತ್ತರ ಕೊಡುವ ಪಾಠ ಎಂಟರಲ್ಲಿ ಯಾವುದೂ ಇಲ್ಲ.

ಯಾಕೆ ಸೇರಿದೆ ಅಂತ ಇಲ್ಲಿ ನಿಜ ಬರೆಯಬಹುದು, ಯಾರೂ ಓದುವುದಿಲ್ಲ. ಅಧ್ಯಕ್ಷ ಸ್ಥಾನ ಈ ಸಲ ಮಹಿಳೆಗೆ ಅಂತ ಮೀಸಲಾಗದಿದ್ದರೆ ನನಗೇ ಬರುತ್ತಿತ್ತು. ಬಂದದ್ದು ಕುರಿಹಟ್ಟಿಯ ಹನುಮಂತಮ್ಮನಿಗೆ. ಸೈನ್ ಹಾಕುವುದನ್ನು ಗೆದ್ದ ಮೇಲೆ ಕಲಿತವಳು. ಅವಳು ಕೂರುವುದು ಕೈ ಇರುವ ಕುರ್ಚಿಯಲ್ಲಿ, ಪಕ್ಕದಲ್ಲಿ ನನ್ನದು ಕೈ ಇಲ್ಲದ ಕುರ್ಚಿ. ಕುರ್ಚಿ ಯಾರದಾದರೂ ಇರಲಿ, ಕಾನೂನು ನನ್ನ ಬಾಯಲ್ಲಿರಲಿ ಅಂತ ಸೇರಿದೆ.

6-12-1996

ಮೊದಲನೇ ಪಾಠ ಇವತ್ತೇ ಕೆಲಸಕ್ಕೆ ಬಂತು. ಸಭೆ ಶುರುವಾಗುತ್ತಲೇ ಎದ್ದು ನಿಂತು, "ಅಧ್ಯಕ್ಷರೇ, ಕ್ರಿಯಾಲೋಪ!" ಎಂದೆ. ಹನುಮಂತಮ್ಮ ಗಾಬರಿಯಾಗಿ ಸೆರಗು ಸರಿಮಾಡಿಕೊಂಡಳು. ಅಪ್ಪಾಜಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಂಗಂದ್ರೇನಣ್ಣ?" ಎಂದಳು.

"ನಿಯಮ ತಪ್ಪೋಗದೆ ಅಂತ. ಹನ್ನೊಂದು ಜನದಲ್ಲಿ ಎಷ್ಟು ಜನ ಬಂದವ್ರೆ ಅಂತ ಎಣಿಸ್ದೇನೇ ಸಭೆ ಶುರು ಮಾಡ್ಬುಟ್ರಿ. ಕೋರಂ ಬೇಡ್ವಾ?"

ಅವಳು ಬೆರಳು ಮಡಿಸಿ ಒಬ್ಬೊಬ್ಬರನ್ನೇ ಎಣಿಸಿದಳು. ಎಂಟು ಜನ. ಸಾಕಾಗುವಷ್ಟು ಇದ್ದರು, ಆದರೆ ಮಾತು ಅದಲ್ಲ. ಸಭೆ ಮುಗಿದ ಮೇಲೆ ಅಪ್ಪಾಜಿ ನನ್ನ ಹೆಗಲ ಮೇಲೆ ಕೈ ಹಾಕಿ, "ಚೆನ್ನಾಗಿ ಇಡ್ದೆ ಕಣ್ಲಾ ಪುಟ್ಟ, ಇಂಗೇ ನಡ್ಸು" ಎಂದ. ಒಂದನೇ ಕ್ಲಾಸಿನಿಂದ ಜೊತೆಗಾರ. ಪಿಯುಸಿ ಪಾಸಾದವನು ಅವನು, ಮೆಂಬರಾಗಿದ್ದರೂ ಪಂಚಾಯಿತಿ ನಡೆಸುವವನೂ ಅವನೇ. ಉಪಾಧ್ಯಕ್ಷ ಸ್ಥಾನ ನನಗೆ ಕೊಡಿಸಿದವನೂ ಅವನೇ, ಅದನ್ನು ಮರೆಯಬಾರದು.

7-2-1997

ಇವತ್ತು ಒಂದು ಗೆಲುವು, ಒಂದು ಸೋಲು.

ಗೆಲುವು ಮೊದಲು. ಹನುಮಂತಮ್ಮ ಕೂತವಳೇ ಕಾರ್ಯದರ್ಶಿ ಚಲುವಯ್ಯನಿಗೆ, "ಹೋದ್ ಸಲದ್ ನಡವಳಿ ಒಸಿ ಓದಪ್ಪ, ನಂಗೆ ಓದಕ್ ಬರಲ್ಲ, ಕೇಳಾದ್ರೂ ಕೇಳ್ಕತೀನಿ" ಎಂದಳು. ಅಷ್ಟುದ್ದದ್ದು ಓದುತ್ತ ಕೂತರೆ ಮಧ್ಯಾಹ್ನದ ಬಸ್ಸು ಹೋಗುತ್ತದೆ. ನಾನು ಪುಸ್ತಕ ತೆರೆದು ತೋರಿಸಿದೆ. ಹಿಂದಿನ ನಡವಳಿಯನ್ನು 'ಓದಿದಂತೆ ಭಾವಿಸಬಹುದು'. ಮುದ್ರಿತವಾಗಿ ಇದೆ. ಚಲುವಯ್ಯನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಎರಡು ಸಲ ಹೇಳಿಸಿಕೊಂಡು ಬರೆದುಕೊಂಡ. "ನೀವ್ ಹೇಳಿದ್ರೆ ಸರಿ ಅಣ್ಣ" ಎಂದಳು ಹನುಮಂತಮ್ಮ.

ಸೋಲು: ಬೀದಿ ದೀಪದ ವಿಷಯದಲ್ಲಿ ನಾನು ಮಾತಾಡಿ ಕೂತು, ಮತ್ತೆ ಎದ್ದೆ. ಅವಳು ಕೈ ಅಡ್ಡ ಹಿಡಿದು, "ಒಂದ್ ವಿಷ್ಯುಕ್ಕೆ ಒಬ್ರು ಒಂದೇ ಸಲ ಅಂತ ಹೋದ್ ಸಭೇಲಿ ನೀವೇ ಯೋಳಿದ್ರಲ್ಲಣ್ಣ. ಬೇರೆಯೋರು ಮಾತಾಡ್ಲಿ" ಎಂದಳು. ಮಜೀದಾ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡಳು. ರೇಷ್ಮೆ ನೂಲು ಬಿಚ್ಚುವ ಮನೆಯವಳು, ಮೆಂಬರಾದರೂ ಸಭೆಯಲ್ಲಿ ಈವರೆಗೆ ಒಂದು ಮಾತು ಆಡಿದವಳಲ್ಲ, ಅವಳಿಗೂ ನಗು ಬಂತು. ನಾನು ಕೂತೆ. ಏನು ಮಾಡಲಿ, ನಿಯಮ ಸರಿಯಾಗೇ ಇತ್ತು.

21-3-1997

ಸಭೆ. ಕೊಳಾಯಿ, ಚರಂಡಿ, ಶಾಲೆ ಹೆಂಚು, ಒಟ್ಟು ಆರು ವಿಷಯ. ಸೆಖೆ. ಬೋಂಡ ತಿಂದು ಎಲ್ಲರೂ ಎದ್ದೆವು. ಚಲುವಯ್ಯ ಯಾವಾಗಿನ ಹಾಗೆ ನಡವಳಿ ಪುಸ್ತಕ ಎಲ್ಲರ ಕೈಗೂ ದಾಟಿಸಿ, "ಆಮ್ಯಾಕೆ ನಿಧಾನುಕ್ಕೆ ಬರ್ಕತೀನಿ, ಕೆಳಗಡೆ ಒಂದ್ ಸೈನ್ ಹಾಕ್ಬುಡಿ" ಎಂದ. ಹಾಕಿ ಓಡಿಹೋಗಿ ಬಸ್ಸು ಹಿಡಿದೆ. ಮೂರನೇ ಅಸೈನ್‌ಮೆಂಟಿಗೆ ನೂರಕ್ಕೆ ಎಪ್ಪತ್ತೊಂದು.

16-4-1997

ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತೇನೆ.

ನಾಲ್ಕನೇ ಅಸೈನ್‌ಮೆಂಟು: ನಿಮಗೆ ಪರಿಚಯವಿರುವ ಒಂದು ಸಂಸ್ಥೆಯ ಸಭಾ ನಡವಳಿಯನ್ನು ಯಥಾವತ್ತಾಗಿ ನಕಲು ಮಾಡಿ, ಅದರಲ್ಲಿನ ದೋಷಗಳನ್ನು ಗುರುತಿಸಿರಿ. ಚಲುವಯ್ಯ ರಾಮನಗರಕ್ಕೆ ಹೋಗಿದ್ದ. ನಾನೇ ಬೀರು ತೆಗೆದು ಪುಸ್ತಕ ಇಳಿಸಿಕೊಂಡು ಮಾರ್ಚಿ ತಿಂಗಳ ಸಭೆಯನ್ನು ನಕಲು ಮಾಡುತ್ತ ಕೂತೆ. ಒಂದರಿಂದ ಆರರವರೆಗೆ ಎಲ್ಲ ನಡೆದದ್ದೇ. ಆರಾದ ಮೇಲೆ ಏಳು ಅಂತ ಒಂದಿದೆ. ಅಕ್ಷರ ಅದೇ, ಆದರೆ ಒತ್ತೊತ್ತಾಗಿ, ಸೈನುಗಳ ತಲೆ ಮೇಲೆ ತಂದು ತುರುಕಿದ ಹಾಗೆ. ಶಾಯಿಯೂ ಬೇರೆ.

'ವಿಷಯ 7: ಜೇನುಗುಂಡಿನ ಗೋಮಾಳದಲ್ಲಿ ಕಲ್ಲು ಗಣಿ ನಡೆಸಲು ಪಂಚಾಯಿತಿಯ ಅಭ್ಯಂತರ ಇರುವುದಿಲ್ಲವೆಂದು ಸರ್ವಾನುಮತದಿಂದ ನಿರ್ಣಯಿಸಲಾಯಿತು. ಮಂಡಿಸಿದವರು: ಶ್ರೀ ಅಪ್ಪಾಜಿ. ಅನುಮೋದಿಸಿದವರು: ಶ್ರೀ ಪುಟ್ಟಲಿಂಗಯ್ಯ, ಉಪಾಧ್ಯಕ್ಷರು.'

ಪುಟ್ಟಲಿಂಗಯ್ಯ ಅಂದರೆ ನಾನೇ. ಕೆಳಗೆ ಸೈನೂ ನನ್ನದೇ. ಜೇನುಗುಂಡಿನ ಹೆಸರನ್ನು ಆ ಸಭೆಯಲ್ಲಿ ಯಾರೂ ಎತ್ತಲಿಲ್ಲ, ದೇವರಾಣೆ ಎತ್ತಲಿಲ್ಲ. ಕುರಿಹಟ್ಟಿಯ ಅಷ್ಟೂ ಕುರಿ ಮೇಯುವುದು ಆ ಗುಡ್ಡದಲ್ಲಿ. ಬೇಸಿಗೆಯಲ್ಲಿ ಅವಕ್ಕೆ ನೀರಿರುವುದು ಅದರ ನೆತ್ತಿಯ ಬಂಡೆಯೊಳಗಿನ ದೊಣೆಯಲ್ಲಿ ಮಾತ್ರ.

ನಕಲು ಮಾಡಿದ ಹಾಳೆ ಹರಿದು ಹಾಕಿ ಮನೆಗೆ ಬಂದೆ. ಊಟ ಸೇರಲಿಲ್ಲ.

17-4-1997

ಅಪ್ಪಾಜಿಯ ತೋಟಕ್ಕೆ ಹೋದೆ. ಜಗಳ ಆಡಬೇಕು ಅಂತಲೇ ಹೋಗಿದ್ದು. ಅವನು ಎಳನೀರು ಕೆತ್ತಿಸಿ ಕೈಗೆ ಕೊಟ್ಟ.

"ನನ್ ಹೆಸ್ರು ಯಾಕ್ಲಾ ಬರುಸ್ದೆ?" ಎಂದೆ.

"ಇನ್ಯಾರ್ ಹೆಸ್ರು ಬರುಸ್ಲಿ? ನೀನ್ ನಮ್ಮೋನಲ್ವೇನ್ಲಾ?" ಎಂದ. "ಬೆಂಗ್ಳೂರಿನ ಪಾರ್ಟಿ. ಕೆಲ್ಸ ಶುರುವಾದ್ರೆ ಊರಿಗೆ ರೋಡ್ ಆಯ್ತದೆ. ಮುಂದುನ್ ಸಲ ತಾಲ್ಲೂಕ್ ಪಂಚಾಯ್ತಿಗೆ ನಿನ್ನೇ ನಿಲ್ಲುಸ್ತೀನಿ, ಮಾತ್ ಕೊಟ್ಟೆ."

"ಅದು ಸುಳ್ಳು ನಡವಳಿ ಕಣೋ."

ಅವನ ಮುಖ ಆಗ ಬದಲಾಯಿತು. ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. "ಹಂಗಾರೆ ಹೋಗಿ ಯೋಳು. ಖಾಲಿ ಹಾಳೇಗೆ ಸೈನ್ ಹಾಕ್ಬುಟ್ಟೆ ಅಂತ ಯೋಳು. ಮನೇಲಿ ಮೊಳೆ ಹೊಡ್ಕೊಂಡು ಕೂತಿದ್ದೀಯಂತಲ್ಲ, ಊರೋರು ಬಂದು ನೋಡ್ಕೊಂಡ್ ಹೋಗ್ಲಿ."

ಮೊಳೆಯ ವಿಷಯ ಹೇಳಿದವನು ನಾನೇ. ಪರೀಕ್ಷೆಯ ತಾರೀಖನ್ನೂ ಹೇಳಿದ್ದೆ. ಊರಿಗೆಲ್ಲ ಹೇಳಿದ್ದೆ. ಎಳನೀರು ಅರ್ಧಕ್ಕೆ ಬಿಟ್ಟು ಬಂದೆ. ನನಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ ಆಗಿತ್ತು.

18-4-1997

ಏನೂ ಬರೆಯಲು ಮನಸ್ಸಿಲ್ಲ.

25-4-1997

ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದೆ, ಹನುಮಂತಮ್ಮ ಮನೆಗೇ ಬಂದಳು. ಒಳಗೆ ಕರೆದರೂ ಬರಲಿಲ್ಲ, ಹೊಸಲಾಚೆಯೇ ನಿಂತಳು. ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು.

"ಅಣ್ಣ, ಗುಂಡಿನ್ ಮ್ಯಾಲೆ ನಾಕ್ ಜನ ಟೇಪ್ ಇಡ್ಕಂಡ್ ಅಳೀತಾವ್ರೆ. ಬಂಡೆ ಮ್ಯಾಲೆ ಬಿಳೀ ಬಣ್ದಾಗೆ ನಂಬ್ರ ಬರ್ದವ್ರೆ. ಕೇಳುದ್ರೆ ನಿಮ್ ಪಂಚಾಯ್ತಿಯೋರೇ ಒಪ್ಪವ್ರೆ ಅಂತಾರೆ. ನಾನ್ ಯಾವಾಗ್ ಒಪ್ಪುದ್ನಣ್ಣ? ನಿಮ್ಗೇನಾರ ಗೊತ್ತಾ?"

"ಗೊತ್ತಿಲ್ಲ ಕಣಮ್ಮ. ಸರ್ವೆಯೋರು ಇರ್ಬೇಕು."

"ಚಲುವಯ್ಯುನ್ನ ಕೇಳುದ್ರೆ ಪುಸ್ತಕ ಆಡಿಟ್ಟಿಗೆ ಹೋಗೈತೆ ಅಂತಾನೆ. ನೀವ್ ಓದ್ದೋರು, ನಿಮ್ ಬುಕ್ಕಲ್ಲಿ ಇದ್ಕೇನಾರ ಐತಾ ಒಸಿ ನೋಡಿ."

ನೋಡುತ್ತೇನೆ ಅಂದೆ. ಸರಸಮ್ಮ ಮಜ್ಜಿಗೆ ತರುವಷ್ಟರಲ್ಲಿ ಅವಳು ಹೊರಟಿದ್ದಳು. ಲೋಟ ಹಿಡಿದುಕೊಂಡು ಸರಸಮ್ಮ ನನ್ನನ್ನೇ ನೋಡುತ್ತಿದ್ದಳು. "ನೀವು ಸುಳ್ಳು ಯೋಳುವಾಗ ಸೊಪ್ಪುನ್ ಬುಟ್ಟಿ ನೋಡ್ತೀರ" ಎಂದಳು. ಯಾವ ಸುಳ್ಳು ಅಂತ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ.

3-5-1997

ಮೊಪೆಡ್ ಹತ್ತಿ ಕುರಿಹಟ್ಟಿಗೆ ಹೋದೆ. ಯಾಕೆ ಹೋದೆ ಅಂತ ಗೊತ್ತಿಲ್ಲ. ಓಟು ಕೇಳಲು ಹೋದದ್ದೇ ಕೊನೆ, ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಹನುಮಂತಮ್ಮ ಇರಲಿಲ್ಲ, ಕುರಿ ಹೊಡೆದುಕೊಂಡು ಹೋಗಿದ್ದರು. ಅವರ ಅತ್ತೆ ದೊಡ್ಡಲಕ್ಷ್ಮಮ್ಮ ಕಲ್ಲಿನ ನೆರಳಲ್ಲಿ ಕೂತು ಉಣ್ಣೆ ಬಿಡಿಸುತ್ತಿತ್ತು. ಅಧ್ಯಕ್ಷರ ಮನೆ ಅಂತ ಹೇಳುವ ಹಾಗೆ ಅಲ್ಲಿ ಏನೂ ಇಲ್ಲ, ಎಲ್ಲ ಮನೆಗಳ ಹಾಗೆ ಒಂದು ಮನೆ.

ಗುಡ್ಡದ ಮೇಲಕ್ಕೆ ಹತ್ತಿದೆ. ದೊಣೆಯಲ್ಲಿ ಇನ್ನೂ ಮಂಡಿಯುದ್ದ ನೀರಿದೆ. ಬಂಡೆಯ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ಒಂಬತ್ತರವರೆಗೆ ಬರೆದಿದ್ದಾರೆ. ನಾಲ್ಕನೇ ನಂಬರಿನ ಹತ್ತಿರ ನಿಂತು ಕೆಳಗೆ ನೋಡಿದೆ. ಹಟ್ಟಿಯ ಹೆಂಚು ಒಂದೊಂದೇ ಎಣಿಸಬಹುದು. ನನ್ನ ಮನೆಯಿಂದ ಬಸ್ ಸ್ಟಾಪಿಗೆ ಎಷ್ಟೋ ಅಷ್ಟೂ ದೂರ ಇಲ್ಲ. ಮದ್ದಿಟ್ಟು ಸಿಡಿಸಿದರೆ ಕಲ್ಲು ಎಲ್ಲಿಗೆ ಬೀಳುತ್ತದೆ ಅಂತ ಕೇಳಲು ಯಾವ ಕೋರ್ಸೂ ಬೇಡ.

ಇಳಿದು ಬರುವಾಗ ಮುದುಕಿ ನಿಲ್ಲಿಸಿತು. "ಪಂಚಾಯ್ತಿಯೋನಾ ನೀನು? ನಮ್ ಹುಡ್ಗಿ ನಿನ್ ಹೆಸ್ರು ಯೋಳ್ತಾಳೆ. ಪುಟ್ಟಲಿಂಗಣ್ಣ ಕಾನೂನು ಬಲ್ಲೋರು, ಅವ್ರಿರೋಗಂಟ ಏನೂ ಆಗಕ್ಕಿಲ್ಲ ಅಂತ." ನಾನು ಹ್ಞೂಂ ಅಂದೆ. ಗಾಡಿ ಸ್ಟಾರ್ಟೇ ಆಗಲಿಲ್ಲ, ರಸ್ತೆವರೆಗೂ ತಳ್ಳಿಕೊಂಡು ಬಂದೆ.

12-5-1997

ಆರನೇ ಪಾಠ ಮತ್ತೆ ಓದಿದೆ. ಪರೀಕ್ಷೆಗೆ ಅಂತ ಕೂತದ್ದು, ಆದರೆ ಒಂದೇ ಪುಟದಲ್ಲಿ ಸಿಕ್ಕಿಹಾಕಿಕೊಂಡೆ.

ನಡವಳಿಯನ್ನು ಮುಂದಿನ ಸಭೆಯಲ್ಲಿ ದೃಢೀಕರಿಸಬೇಕು. ದೃಢೀಕರಿಸುವ ಮೊದಲು ಯಾವ ಸದಸ್ಯನಾದರೂ ಎದ್ದು, ಇದು ಸರಿಯಿಲ್ಲ, ಹೀಗೆ ನಡೆದಿಲ್ಲ ಎನ್ನಬಹುದು. ಸಭೆ ಒಪ್ಪಿದರೆ ತಿದ್ದಬಹುದು. ದೃಢೀಕರಿಸಿದ ಮೇಲೆ ಬಾಯಿ ಮುಚ್ಚಿಕೊಳ್ಳಬೇಕು. ಅಂದರೆ ಏಳನೇ ವಿಷಯ ಇನ್ನೂ ಕಲ್ಲಾಗಿಲ್ಲ. ಮುಂದಿನ ಸಭೆಯಲ್ಲಿ ಆಗುತ್ತದೆ. ಆಮೇಲೆ ನಕಲು ಮೇಲಿನ ಆಫೀಸಿಗೆ ಹೋಗುತ್ತದೆ, ಗುಡ್ಡ ಹೋಗುತ್ತದೆ.

ಅದೇ ಪುಟದ ಕೆಳಗೆ 'ಓದಿದಂತೆ ಭಾವಿಸಬಹುದು' ಎನ್ನುವ ಸಾಲಿದೆ. ಫೆಬ್ರವರಿಯಲ್ಲಿ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಪುಟ ತಿರುಗಿಸಿದರೆ ವಾಕ್ಯ ಮುಂದುವರಿಯುತ್ತದೆ: 'ಆದರೆ ಒಬ್ಬ ಸದಸ್ಯನು ಆಕ್ಷೇಪಿಸಿದರೂ ಪೂರ್ತಿಯಾಗಿ ಓದತಕ್ಕದ್ದು.' ಆವತ್ತು ನಾನು ಪುಟ ತಿರುಗಿಸಿರಲಿಲ್ಲ. ಓದಲು ಬಾರದವರು ಓದಿ ಹೇಳಿ ಅಂತ ಕೇಳಿದರು, ಓದಲು ಬಂದವನು ಬೇಡ ಅಂದೆ.

19-5-1997

ಸಭೆಯ ನೋಟಿಸು ಬಂತು. ಮೇ 28, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ. ವಿಷಯ ಒಂದು: ಹಿಂದಿನ ಸಭೆಯ ನಡವಳಿಯ ದೃಢೀಕರಣ.

ನನ್ನ ಹಾಲ್ ಟಿಕೆಟ್: ಮೇ 28, ಬುಧವಾರ, ರಾಮನಗರ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದು.

ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ಚಲುವಯ್ಯನನ್ನು ಕೇಳಿದರೆ, "ಆವತ್ತು ನಿಮ್ ಪರೀಕ್ಷೆನಾ? ಅಯ್ಯೋ ಮರ್ತೇಹೋಗಿತ್ತು ಸಾರ್. ಆಗ್ಲಿ ಬುಡಿ, ನಿಮ್ದು ಗೈರುಹಾಜರಿಗೆ ಅನುಮತಿ ಅಂತ ಬರ್ಕತೀನಿ" ಎಂದ. ಅವನು ಎಷ್ಟು ಸಲೀಸಾಗಿ ಬರೆಯುತ್ತಾನೆ ಅಂತ ನನಗೆ ಗೊತ್ತಿದೆ.

ಈ ಸಲ ಬಿಟ್ಟರೆ ಮತ್ತೆ ಮೊದಲಿಂದ ಸೇರಬೇಕು, ಕೋರ್ಸು ಮುಂದಿನ ವರ್ಷ ಇರುತ್ತದೋ ಇಲ್ಲವೋ ಅಂತ ಪತ್ರದಲ್ಲೇ ಬರೆದಿದ್ದಾರೆ.

24-5-1997

ಅಪ್ಪಾಜಿ ಎದುರಾದ. "ಚೆನ್ನಾಗ್ ಬರ್ಯಪ್ಪ, ಫ್ರೇಮ್ ನಾನೇ ಹಾಕುಸ್ಕೊಡ್ತೀನಿ" ಎಂದ. ನಾನೂ ನಕ್ಕೆ. ನನ್ನ ನಗು ನನಗೇ ಅಸಹ್ಯವಾಯಿತು.

27-5-1997

ಸರಸಮ್ಮನಿಗೆ ಎಲ್ಲ ಹೇಳಿದೆ. ಸೈನು, ಏಳನೇ ವಿಷಯ, ಹನುಮಂತಮ್ಮ ಬಂದಾಗ ಹೇಳಿದ ಸುಳ್ಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. "ನಾಳಿಕ್ ಎಲ್ಲಿಗೆ ಹೋಗ್ತೀರ?" ಅಂತ ಮಾತ್ರ ಕೇಳಿದಳು.

ಪರೀಕ್ಷೆಗೆ ಹೋಗುತ್ತೇನೆ. ಬೇಕಾದಷ್ಟು ಯೋಚಿಸಿಯೇ ಮಾಡಿದ ತೀರ್ಮಾನ. ನಾನೊಬ್ಬ ಎದ್ದು ನಿಂತು ಏನು ಆಗಬೇಕು? ಹತ್ತು ಜನ ಸುಮ್ಮನಿರುವಾಗ ನಾನೊಬ್ಬ ನಗೆಪಾಟಲಾಗುವುದು ಯಾತಕ್ಕೆ? ಸರ್ಟಿಫಿಕೇಟು ಬಂದ ಮೇಲೆ ಅರ್ಜಿ ಗಿರ್ಜಿ ಹಾಕಿದರಾಯಿತು. ಎಂಟೂ ಪಾಠ ಬಾಯಿಗೆ ಬರುತ್ತಿದೆ. ಎರಡು ಪೆನ್ನು ಎತ್ತಿಟ್ಟಿದ್ದೇನೆ.

28-5-1997

ನಿಧಾನವಾಗಿ ಬರೆಯುತ್ತೇನೆ. ಎಲ್ಲ ಬರೆಯಬೇಕು.

ಎಂಟೂವರೆಯ ಬಸ್ಸು ಹತ್ತಿದೆ. ಸರಸಮ್ಮ ಮೊಸರು ಸಕ್ಕರೆ ಕೊಟ್ಟು ಕಳಿಸಿದ್ದಳು. ಕಿಟಕಿ ಪಕ್ಕ ಜಾಗ ಸಿಕ್ಕಿತು. ಪರೀಕ್ಷೆಗೆ ಅಂತ ಆರನೇ ಪಾಠ ತೆಗೆದೆ. ನಡವಳಿ ಎಂದರೇನು, ಅದರ ಮಹತ್ವವೇನು, ದೃಢೀಕರಣದ ಕ್ರಮವೇನು. ಈ ಪ್ರಶ್ನೆ ಬಂದರೆ ಮೂರು ಪುಟ ಬರೆಯಬಲ್ಲೆ ಅಂದುಕೊಂಡೆ. ಹಾಗೆ ಅಂದುಕೊಂಡ ಕೂಡಲೇ ಪುಸ್ತಕ ಮುಚ್ಚಿದೆ. ಹನ್ನೊಂದು ಗಂಟೆಗೆ ಅಲ್ಲಿ ಅದೇ ನಡೆಯುತ್ತಿರುತ್ತದೆ, ನಾನಿಲ್ಲಿ ಅದರ ಮೇಲೆ ಪ್ರಬಂಧ ಬರೆಯುತ್ತಿರುತ್ತೇನೆ. ಅರ್ಧ ದಾರಿಗೇ ಕೈಲಾಂಚದಲ್ಲಿ ಇಳಿದುಬಿಟ್ಟೆ. ಕಂಡಕ್ಟರು "ಟಿಕೆಟ್ ರಾಮನಗರಕ್ಕಲ್ವಾ?" ಎಂದು ಕೂಗಿದ. ವಾಪಸ್ ಬಸ್ಸು ಎಷ್ಟು ಹೊತ್ತಾದರೂ ಬರಲಿಲ್ಲ. ಒಂದು ಹಾಲಿನ ಗಾಡಿ ಹಿಡಿದೆ.

ಸೇರಿದಾಗ ಹನ್ನೊಂದೂ ಹತ್ತು. ಹತ್ತೂ ಜನ ಕೂತಿದ್ದರು, ಅಧ್ಯಕ್ಷರು ಬೆರಳು ಮಡಿಸಿ ತಲೆ ಎಣಿಸುತ್ತಿದ್ದರು. ನನ್ನನ್ನು ಕಂಡು, "ಹನ್ನೊಂದು" ಎಂದರು. ಅಪ್ಪಾಜಿಯ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು. "ಏನ್ಲಾ, ಪರೀಕ್ಷೆ ಇಲ್ವಾ?" ಎಂದ. ನನ್ನ ಕುರ್ಚಿ ಎಳೆದುಕೊಂಡು ಕೂತೆ.

ಚಲುವಯ್ಯ ಪುಸ್ತಕ ತೆಗೆದು ಗಡಿಬಿಡಿಯಲ್ಲಿ, "ವಿಷಯ ಒಂದು, ಹಿಂದಿನ ಸಭೆಯ ನಡವಳಿಯನ್ನು ಓದಿದಂತೆ ಭಾವಿಸಿ ದೃಢೀಕರಿಸಲಾಯಿತು, ವಿಷಯ ಎರಡು..." ಎಂದ.

ಎದ್ದು ನಿಂತೆ. "ಅಧ್ಯಕ್ಷರೇ, ಕ್ರಿಯಾಲೋಪ."

ಈ ಸಲ ಯಾರೂ ನಗಲಿಲ್ಲ, ನನ್ನ ದನಿ ಹಾಗಿತ್ತು. "ಒಬ್ಬ ಸದಸ್ಯ ಬೇಡ ಅಂದ್ರೂ ಓದಿದಂಗೆ ಭಾವಿಸೋ ಹಂಗಿಲ್ಲ. ನಾನು ಬೇಡ ಅಂತಿದ್ದೀನಿ. ಓದ್ಬೇಕು."

"ಫೆಬ್ರವರೀಲಿ ನೀನೇ ತಾನೇ ಓದೋದ್ ಬ್ಯಾಡ ಅಂದಿದ್ದು?" ಅಪ್ಪಾಜಿ ಕೂತಲ್ಲಿಂದಲೇ ಕೂಗಿದ.

"ಹೌದು. ಆವಾಗ ಅರ್ಧ ಪಾಠ ಓದಿದ್ದೆ. ಈಗ ಪೂರ್ತಿ ಓದಿದ್ದೀನಿ."

ಅಧ್ಯಕ್ಷರು ನನ್ನನ್ನು ನೋಡಿದರು, ಪುಸ್ತಕವನ್ನು ನೋಡಿದರು. ಆಮೇಲೆ, "ಓದಪ್ಪ ಚಲುವಯ್ಯ" ಎಂದರು. "ತಾಲ್ಲೂಕಿಂದ ಸಾಹೇಬ್ರು ಬರೋ ಟೈಮಾಯ್ತದೆ ಅಮ್ಮ" ಎಂದ ಅವನು. "ಬರ್ಲಿ, ಅವ್ರೂ ಕೇಳ್ಲಿ. ನಿಂತ್ಕಂಡ್ ಓದು."

ಅವನು ಓದಿದ. ಕೊಳಾಯಿ, ಚರಂಡಿ, ಹೆಂಚು. ಆರನೆಯದು ಮುಗಿಸಿ ಪುಸ್ತಕ ಮುಚ್ಚಿ, "ಅಷ್ಟೇ" ಎಂದ.

"ಏಳು?" ಎಂದೆ.

ಅಪ್ಪಾಜಿ ಕಿಟಕಿಯ ಆಚೆ ನೋಡುತ್ತಿದ್ದ. ಚಲುವಯ್ಯ ಪುಸ್ತಕ ಮತ್ತೆ ತೆರೆದು, ತುಟಿ ಅಲ್ಲಾಡಿತೋ ಇಲ್ಲವೋ ಅನ್ನುವ ಹಾಗೆ ಓದಿದ. ಅಧ್ಯಕ್ಷರು ಮತ್ತೊಂದು ಸಲ ಗಟ್ಟಿಯಾಗಿ ಓದಿಸಿದರು. ಜೇನುಗುಂಡು ಎನ್ನುವ ಮಾತಿಗೆ ಅವರ ಕೈ ಕುರ್ಚಿಯ ಕೈಯನ್ನು ಹಿಡಿದುಕೊಂಡಿತು.

"ನಾನ್ ಕೂತಿದ್ ಸಭೇಲಿ ಈ ಮಾತ್ ಯಾರಾಡುದ್ರು?" ಎಂದರು. ದನಿ ಎತ್ತಲಿಲ್ಲ.

"ಅನುಮೋದಿಸ್ದೋನು ಇಲ್ಲೇ ನಿಂತವ್ನಲ್ಲ, ಅವುನ್ನೇ ಕೇಳಿ" ಎಂದ ಅಪ್ಪಾಜಿ. "ಕೆಳಗಿರೋ ಸೈನ್ ನಿಂದೋ ಅಲ್ವೋ, ಯೋಳ್ಲಾ ಪುಟ್ಟ."

ಹನ್ನೊಂದು ಜೊತೆ ಕಣ್ಣು ನನ್ನ ಮೇಲಿದ್ದವು. "ಸೈನ್ ನಂದೇ" ಎಂದೆ. "ನಾನ್ ಸೈನ್ ಹಾಕ್ದಾಗ ಹಾಳೆ ಖಾಲಿ ಇತ್ತು. ಏಳನೇ ವಿಷಯ ಸಭೇಲಿ ಬಂದೇ ಇಲ್ಲ. ನಾನು ಅನುಮೋದಿಸಿಲ್ಲ." ಅಷ್ಟಕ್ಕೆ ಕೂರಬಹುದಿತ್ತು. ಕೂರಲಾಗಲಿಲ್ಲ. "ಇನ್ನೊಂದ್ ಮಾತು ಅಧ್ಯಕ್ಷರೇ. ಹೋದ್ ತಿಂಗ್ಳು ನೀವು ಮನೇಗೆ ಬಂದು ಕೇಳಿದ್ರಿ. ಗೊತ್ತಿಲ್ಲ ಅಂದೆ. ಗೊತ್ತಿತ್ತು."

ಅವರು ಒಂದು ಸಲ ಕಣ್ಣು ಮುಚ್ಚಿ ತೆರೆದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಪ್ಪಾಜಿ ಜೋರಾಗಿ ನಕ್ಕ. "ಕೇಳುದ್ರೇನ್ರಪ್ಪೋ! ಯೂನಿವರ್ಸಿಟಿ ಪಂಡಿತ ಖಾಲಿ ಹಾಳೇಗೆ ಸೈನ್ ಹಾಕ್ತಾನಂತೆ!" ನಾಲ್ಕೈದು ಜನ ನಕ್ಕರು. ಆದರೂ ಗೊತ್ತುವಳಿ ಮಂಡಿಸಿದೆ, ಏಳನೇ ವಿಷಯ ನಡೆದಿಲ್ಲವಾದ್ದರಿಂದ ನಡವಳಿಯಿಂದ ತೆಗೆದುಹಾಕಬೇಕು ಅಂತ.

"ಅನುಮೋದಿಸೋರು ಯಾರಾರ ಅವ್ರಾ?" ಎಂದರು ಅಧ್ಯಕ್ಷರು. ಅನುಮೋದಕರಿಲ್ಲದಿದ್ದರೆ ಗೊತ್ತುವಳಿ ಅಲ್ಲಿಗೇ ಬಿದ್ದುಹೋಗುತ್ತದೆ, ನಾನೇ ಅವರಿಗೆ ಹೇಳಿಕೊಟ್ಟ ಪಾಠ. ಪಕ್ಕದಲ್ಲಿದ್ದ ಮೆಂಬರು ಗಂಗಯ್ಯನನ್ನು ನೋಡಿದೆ, ತಲೆ ತಗ್ಗಿಸಿಕೊಂಡ. ಫ್ಯಾನು ಕಿರ್ರ್ ಅಂತ ತಿರುಗುತ್ತಿತ್ತು.

ಮೂಲೆಯಿಂದ ಮಜೀದಾ ಎದ್ದರು. "ನಾನು ಮಾಡ್ತೀನಿ" ಎಂದರು, ಸೆರಗು ಬಿಗಿದುಕೊಂಡು. "ನಾನೂ ಖಾಲಿ ಹಾಳೇಗೇ ಸೈನ್ ಹಾಕಿದ್ದು. ಇಲ್ಲಿ ಎಲ್ಲಾರೂ ಹಂಗೇ ಹಾಕೋದು. ಅವ್ರು ಹೇಳುದ್ರು, ನಾವ್ ಹೇಳ್ತಿಲ್ಲ, ಅಷ್ಟೇ ಫರಕ್ಕು."

ನಗು ನಿಂತುಹೋಯಿತು.

ಕೈ ಎತ್ತಿಸಿದರು. ನಾನು, ಮಜೀದಾ, ಇನ್ನಿಬ್ಬರು. ನಾಲ್ಕು. ಗಂಗಯ್ಯ ಕಿವಿ ಕೆರೆದುಕೊಳ್ಳುವವನ ಹಾಗೆ ಕೈಯನ್ನು ಮೇಲೆ ತೆಗೆದುಕೊಂಡು ಹೋಗಿ ಅಲ್ಲೇ ಬಿಟ್ಟ. ಐದು. ಆ ಕಡೆ ಅಪ್ಪಾಜಿಯನ್ನೂ ಸೇರಿಸಿ ಐದು.

"ಸಮ ಆಯ್ತಲ್ಲಣ್ಣ" ಎಂದರು ಅಧ್ಯಕ್ಷರು. "ಈಗ ಬುಕ್ಕು ಏನಂತೈತೆ?"

"ಸಮ ಆದ್ರೆ ನಿರ್ಣಾಯಕ ಮತ ಅಧ್ಯಕ್ಷರದ್ದು. ಯಾವ್ ಕಡೆ ಹಾಕ್ಬೇಕು ಅಂತ ಬುಕ್ಕು ಹೇಳಲ್ಲ."

"ಅದ್ಕೆ ಬುಕ್ಕು ಬ್ಯಾಡ ಬುಡಿ" ಎಂದು ಅವರು ಎದ್ದು ನಿಂತರು. "ನನ್ ಮತ ಈ ಗೊತ್ತುವಳಿ ಕಡೀಕೆ. ಚಲುವಯ್ಯ, ಏಳನೇದು ಹೊಡ್ದಾಕು. ನಾನೂ ಖಾಲಿ ಹಾಳೇಗೇ ಸೈನ್ ಹಾಕಿದ್ದೆ, ಅದ್ನೂ ಬರ್ಕೊ."

ಅಪ್ಪಾಜಿ ಎದ್ದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಬಾಗಿಲ ಹತ್ತಿರ ನಿಂತು ನನ್ನನ್ನು ನೋಡಿದ. "ನಲವತ್ ವರ್ಸ ಆಯ್ತಲ್ಲೋ" ಎಂದ, ಹೋದ. ಅದು ಚುಚ್ಚಿತು, ಈಗಲೂ ಚುಚ್ಚುತ್ತಿದೆ.

ಯಾರನ್ನೂ ಏಳಲು ಬಿಡಲಿಲ್ಲ ಅಧ್ಯಕ್ಷರು. ಇವತ್ತಿನ ನಡವಳಿ ಇಲ್ಲೇ ಬರೆಯಬೇಕು, ಇಲ್ಲೇ ಓದಬೇಕು, ಆಮೇಲೆ ಸೈನು. ಚಲುವಯ್ಯ ಬೆವರು ಒರೆಸಿಕೊಳ್ಳುತ್ತ ಬರೆದ. ಬಸ್ಸು ಹೋಯಿತು, ಯಾರೂ ಏಳಲಿಲ್ಲ. ಅವನು ಓದುತ್ತ ಹೋದ. 'ಉಪಾಧ್ಯಕ್ಷರಾದ ಶ್ರೀ ಪುಟ್ಟಲಿಂಗಯ್ಯನವರು, ತಾವು ಹಿಂದಿನ ಸಭೆಯ ನಡವಳಿ ಪುಸ್ತಕದ ಖಾಲಿ ಹಾಳೆಗೆ ಸಹಿ ಹಾಕಿದ್ದಾಗಿಯೂ, ವಿಷಯ ತಿಳಿದ ಮೇಲೆಯೂ ಅಧ್ಯಕ್ಷರಿಗೆ ತಿಳಿಸದೆ ಇದ್ದುದಾಗಿಯೂ ಸಭೆಯ ಮುಂದೆ ಒಪ್ಪಿಕೊಂಡರು.'

ಅಧ್ಯಕ್ಷರು ಕೈ ಎತ್ತಿ ನಿಲ್ಲಿಸಿದರು. ನನ್ನ ಕಡೆಗೆ ಬಗ್ಗಿ, ಬೇರೆಯವರಿಗೆ ಕೇಳದ ಹಾಗೆ, "ಆ ಎರಡ್ನೇ ಮಾತು ಬುಡ್ಸಿಬುಡ್ಲಾ ಅಣ್ಣ?" ಎಂದರು. "ಈ ಪುಸ್ತಕ ಯಾವತ್ತೂ ಇರ್ತದೆ. ನಿಮ್ ಮಕ್ಳು ಮರಿ ನೋಡ್ತಾರೆ."

ಹೌದು ಬಿಡಿಸಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆರು ತಿಂಗಳ ಹಿಂದೆ ಇವರನ್ನು ನಾನು ಏನೇನು ಅಂದಿದ್ದೆ, ಎಲ್ಲ ಈ ಡೈರಿಯಲ್ಲೇ ಇದೆ.

"ಬ್ಯಾಡಿ ಅಧ್ಯಕ್ಷರೇ. ಆಡಿದ್ದು ಆಡಿದಂಗೇ ಇರ್ಲಿ."

ಪುಸ್ತಕ ನನ್ನ ಮುಂದೆ ಬಂತು. ಕಾಯುತ್ತಿದ್ದರೂ ಮೊದಲಿಂದ ಕೊನೆಯವರೆಗೆ ನಾನೇ ಇನ್ನೊಂದು ಸಲ ಓದಿದೆ. ಪರೀಕ್ಷೆಗೆ ಅಂತ ತಂದಿದ್ದ ಪೆನ್ನಿನಲ್ಲಿ ಸೈನ್ ಹಾಕಿದೆ. ಬರಹ ಮುಗಿದ ಜಾಗಕ್ಕೂ ಸೈನಿಗೂ ನಡುವೆ ನಾಲ್ಕು ಬೆರಳು ಖಾಲಿ ಉಳಿದಿತ್ತು. ಅದರ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಒಂದು ಗೆರೆ ಎಳೆದು ಪೆನ್ನನ್ನು ಅಧ್ಯಕ್ಷರಿಗೆ ಕೊಟ್ಟೆ.